ದತ್ತಿಯ ಹಣವು ನಡೆಯುವ ದಾರಿ

ಹಣವನ್ನು ಗಳಿಸುವುದರಲ್ಲಿ ಪ್ರಾಮಾಣಿಕತೆ ಬೇಕೆಂಬುದನ್ನೂ ವೆಚ್ಚಮಾಡುವುದರಲ್ಲಿ ವಿವೇಕ ಬೇಕೆಂಬುದನ್ನೂ ನಾವೆಲ್ಲರೂ ಶಾಲೆಯ ಬೆಂಚಿನ ಮೇಲೆಯೇ ಕಲಿತಿರುವೆವು. ಆದರೆ ಗಳಿಕೆಗೂ ವೆಚ್ಚಕ್ಕೂ ನಡುವಣ ಕಾಲದಲ್ಲಿ ಆ ಹಣವು ಎಲ್ಲಿ ವಾಸಮಾಡುತ್ತದೆ, ಅಲ್ಲಿದ್ದುಕೊಂಡು ಯಾರ ಕೆಲಸವನ್ನು ಮಾಡುತ್ತದೆ ಎಂಬ ಪ್ರಶ್ನೆಯನ್ನು ನಾವು ಎತ್ತುವುದು ಅಪರೂಪ. ಬಡ ಬಾಲಿಕೆಯರ ವಿದ್ಯಾರ್ಥಿವೇತನಕ್ಕೆಂದು ಹಳೆಯ ವಿದ್ಯಾರ್ಥಿನಿಯರು ದತ್ತಿಯಿಡುತ್ತಾರೆ. ಮಗಳ ಓದಿಗೆಂದು ತಾಯಿತಂದೆಗಳು ತಿಂಗಳು ತಿಂಗಳೂ ಕೂಡಿಡುತ್ತಾರೆ. ಈ ಹಣವು ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಅದು ಹೊರಗೆ ಹೋಗಿ ದುಡಿದು ಬಡ್ಡಿಯನ್ನು ತರುತ್ತದೆ. ಅದು ದುಡಿಯುವ ಮನೆ ಎಂತಹದೆಂದು ವಿಚಾರಿಸುವುದು ನಮ್ಮ ಕರ್ತವ್ಯವಲ್ಲವೇ?

ಕರ್ತವ್ಯವೇನೋ ಸರಿ, ಅದನ್ನು ನೆರವೇರಿಸುವುದು ಮಾತ್ರ ಸುಲಭವಲ್ಲ. 2013ನೆಯ ಇಸವಿ ಜುಲೈ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದ ಸಂಗತಿಯನ್ನು ನೋಡಿರಿ. ಅಲ್ಲಿ ವಾಂಗಾ ಎಂಬ ಕಂಪೆನಿಯು ಸಂಬಳದ ದಿನದವರೆಗೆಂದು ಜನರಿಗೆ ಕೈಸಾಲ ಕೊಡುತ್ತಿತ್ತು. ಅದರ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಂದರೆ ನೂರಕ್ಕೆ 5,000ವನ್ನು ಮೀರುತ್ತಿತ್ತು. ಆಗಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು, ನ್ಯಾಯವಾದ ಸಾಲಸಹಕಾರ ಸಂಘಗಳಿಗೆ ಬೆಂಬಲವಿತ್ತು ಈ ವ್ಯಾಪಾರವನ್ನು ಪೈಪೋಟಿಯಿಂದಲೇ ಇಲ್ಲದಂತೆ ಮಾಡುವೆವೆಂದು ಸಾರಿದರು. ಆ ಮಾತು ಆರುವ ಮುನ್ನವೇ, ಸಭೆಯ ಸ್ವಂತ ನಿಧಿಯಿಂದ ಸುಮಾರು 75,000 ಪೌಂಡುಗಳು ಬೇರೊಂದು ಹೂಡಿಕೆಸಂಸ್ಥೆಯ ಮೂಲಕ ಅದೇ ವಾಂಗಾದಲ್ಲಿ ತೊಡಗಿರುವುವೆಂದು ವರ್ತಮಾನಪತ್ರಿಕೆಯಲ್ಲಿ ಪ್ರಕಟವಾಯಿತು. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ ಎಂದು ಲೋಕವು ನಕ್ಕಿತು. ಆರ್ಚ್‌ಬಿಷಪ್ಪರು ತಮಗಾದ ನಾಚಿಕೆಯನ್ನು ಮುಚ್ಚಿಡಲಿಲ್ಲ. ಸುಮಾರು 550 ಕೋಟಿ ಪೌಂಡುಗಳ ನಿಧಿಯಲ್ಲಿ ಇದು ಅತ್ಯಲ್ಪವಾದ ಭಾಗ. ಆದರೂ ಅದನ್ನು ಬಿಡಿಸಿಕೊಳ್ಳಲು ಮರುವರ್ಷದವರೆಗೆ ಕಾಯಬೇಕಾಯಿತು.

ಅಷ್ಟು ದೂರ ಹೋಗುವುದೇಕೆ? ನಮ್ಮ ಮನೆಯ ಕಪಾಟಿನಲ್ಲಿಯೇ ನಿದರ್ಶನವಿದೆ. 1956ರಲ್ಲಿ ಸ್ಥಾಪಿತವಾದ ಜೀವವಿಮಾ ನಿಗಮದ ಪಾಲಿಸಿ ಎಷ್ಟೋ ಮನೆಗಳಲ್ಲಿರುವುದು. ಆ ನಿಗಮವು ಸಿಗರೇಟು ತಯಾರಿಸುವ ಐಟಿಸಿ ಕಂಪೆನಿಯ ಬಹು ದೊಡ್ಡ ಪಾಲುಗಾರರಲ್ಲಿ ಒಂದಾಗಿರುತ್ತ ಬಂದಿದೆ. ಜೀವಕ್ಕೆ ಭದ್ರತೆ ಕೊಡುವ ಸಂಸ್ಥೆಯು ಜೀವವನ್ನು ಕುಂದಿಸುವ ವ್ಯಾಪಾರದಲ್ಲಿ ಹಣ ತೊಡಗಿಸಬಹುದೇ ಎಂಬ ವಾದವು 2017ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಇತ್ತ ಅದೇ ಕಂಪೆನಿಯು ಗೋದಿಹಿಟ್ಟನ್ನೂ ಶಾಲೆಯ ಮಕ್ಕಳು ಬರೆಯುವ ನೋಟುಪುಸ್ತಕಗಳನ್ನೂ ಮಾರುತ್ತದೆ. ಹಾಗಾದರೆ ಅದನ್ನು ಹೊಗೆಯ ಕಂಪೆನಿಯೆನ್ನೋಣವೇ, ಹಿಟ್ಟಿನ ಕಂಪೆನಿಯೆನ್ನೋಣವೇ? ಧೂಮಪಾನವನ್ನು ಮನೆಗೆ ಸೇರಿಸದ ತಾಯಿಯೂ ತಾನರಿಯದೆ ಅದರ ಲಾಭದ ಒಂದು ಕಣಕ್ಕೆ ಪಾಲುಗಾರಳಾಗಿರುವಳು.

ಷೇರುಗಳ ಗೊಡವೆಯೇ ಬೇಡ, ಬ್ಯಾಂಕಿನಲ್ಲಿಟ್ಟರೆ ಸಾಕು ಎಂದು ಕೆಲವರು ಹೇಳಬಹುದು. ನಮ್ಮ ದೇಶದಲ್ಲಿ ಆದಾಯ ತೆರಿಗೆಯ ಕಾನೂನು ಧರ್ಮಾರ್ಥ ಸಂಸ್ಥೆಗಳ ಹಣಕ್ಕೆ ಗೊತ್ತುಮಾಡಿದ ದಾರಿಗಳೂ ಬಹುಮಟ್ಟಿಗೆ ಸರ್ಕಾರದ ಪತ್ರಗಳು, ಅಂಚೆಯ ಉಳಿತಾಯ, ಬ್ಯಾಂಕಿನ ಠೇವಣಿ ಇಂತಹವೇ. ಆದರೆ ಬ್ಯಾಂಕು ಆ ಠೇವಣಿಯನ್ನು ಸಾಲವಾಗಿ ಕೊಡುವುದು. ಸಾಲಗಾರನು ಆಸ್ಪತ್ರೆ ಕಟ್ಟಿಸುವವನೋ ಸಾರಾಯಿ ಬಟ್ಟಿಯಿಳಿಸುವವನೋ ನಮಗೆ ತಿಳಿಯದು. ಆದುದರಿಂದ ಅಲ್ಲಿ ನಮ್ಮ ಕೈ ತೊಳೆದುಹೋಗುವುದಿಲ್ಲ, ಕಣ್ಣು ಮಾತ್ರ ಮುಚ್ಚಿಹೋಗುವುದು.

ಇದನ್ನೆಲ್ಲ ಕೇಳಿ ವ್ಯವಹಾರಜ್ಞರು ಎರಡು ಆಕ್ಷೇಪಗಳನ್ನು ತರುವರು. ನಾವು ಮಾರಿದ ಷೇರನ್ನು ಮತ್ತೊಬ್ಬನು ಕೊಳ್ಳುವನು, ಅದರಿಂದ ಕಂಪೆನಿಗೆ ನಷ್ಟವೇನು ಎಂಬುದು ಮೊದಲನೆಯದು. ಇದು ಬಹುಪಾಲು ನಿಜವೆಂದು ನಾವು ಒಪ್ಪುತ್ತೇವೆ. ಎರಡನೆಯದು ಇನ್ನೂ ಕಠಿಣವಾದದ್ದು: ಹೆಚ್ಚು ಲಾಭದ ಕಡೆಯನ್ನು ಬಿಟ್ಟು ಕಡಿಮೆ ಲಾಭಕ್ಕೆ ಒಪ್ಪಿದರೆ, ಆ ಕೊರತೆಯನ್ನು ತುಂಬುವವರು ಧರ್ಮದರ್ಶಿಗಳಲ್ಲ, ವೇತನ ಸಿಕ್ಕದೆ ಓದು ನಿಲ್ಲಿಸುವ ಹುಡುಗಿ. ತನ್ನ ಮನಸ್ಸಿನ ನೆಮ್ಮದಿಗಾಗಿ ಪರರ ಮಗಳ ಪುಸ್ತಕವನ್ನು ಮುಚ್ಚಿಸುವುದು ಧರ್ಮವಾಗಲಾರದು.

ಹಾಗೆಂದು, ಕಾನೂನು ಒಪ್ಪಿದ್ದೆಲ್ಲ ಸರಿ ಎನ್ನಲೂ ಆಗದು. ಬಡ ಪಾದ್ರಿಗಳ ಜೀವನಕ್ಕೆಂದು ಇಂಗ್ಲೆಂಡಿನಲ್ಲಿ 1704ರಲ್ಲಿ ಕ್ವೀನ್ ಆನ್ಸ್ ಬೌಂಟಿ ಎಂಬ ನಿಧಿ ಏರ್ಪಟ್ಟಿತು. ಅದರ ಹಣದಲ್ಲಿ ದೊಡ್ಡ ಮೊತ್ತವು ಆಫ್ರಿಕದ ಜನರನ್ನು ಗುಲಾಮರನ್ನಾಗಿ ಹಡಗಿನಲ್ಲಿ ಸಾಗಿಸಿದ ಸೌತ್ ಸೀ ಕಂಪೆನಿಗೆ ಹೋಯಿತು. ಆ ಕಾಲದ ಕಾನೂನಿನಲ್ಲಿ ಅದು ತಪ್ಪಾಗಿರಲಿಲ್ಲ, ಉದ್ದೇಶವೂ ಪುಣ್ಯಕಾರ್ಯವೇ. 2023ರ ಜನವರಿಯಲ್ಲಿ ಆ ಸಭೆಯ ನಿಧಿಪಾಲಕರು ಈ ಸಂಗತಿಯನ್ನು ತಾವೇ ಲೆಕ್ಕ ತೆಗೆಸಿ ಪ್ರಕಟಿಸಿ, ಪರಿಹಾರರೂಪವಾಗಿ 10 ಕೋಟಿ ಪೌಂಡುಗಳನ್ನು ತೆಗೆದಿಡುವೆವೆಂದರು. ಮುನ್ನೂರು ವರ್ಷಗಳಾದರೂ ಲೆಕ್ಕವು ಅಳಿಯಲಿಲ್ಲ.

ಹೀಗಿರಲು ನಾವು ಮಾಡತಕ್ಕದ್ದೇನು? ಪೂರ್ಣ ಶುದ್ಧಿಯು ನಮಗೆ ಸಾಧ್ಯವಿಲ್ಲ. ಅದಕ್ಕಾಗಿ ಹಟ ಹಿಡಿದವರು ಕೊನೆಗೆ ಏನನ್ನೂ ಮಾಡಲಾರದೆ ಹೋಗುವರು. ಆದರೆ ಒಂದು ಗಡಿಯನ್ನು ಎಳೆಯಬಹುದು. 1991ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು, ಧರ್ಮನಿಧಿಯ ಹಣವು ಸಾಮಾನ್ಯವಾಗಿ ಒಳ್ಳೆಯ ಲಾಭವನ್ನೇ ಅರಸಬೇಕೆಂದು ಹೇಳಿ, ಆ ನಿಧಿಯ ಉದ್ದೇಶಕ್ಕೇ ವಿರೋಧವಾದ ವ್ಯಾಪಾರವನ್ನು ಬಿಡಬಹುದೆಂದಿತು. ಅರ್ಬುದರೋಗದ ಸಂಶೋಧನೆಗಿಟ್ಟ ಹಣವನ್ನು ಹೊಗೆಸೊಪ್ಪಿನ ಕಂಪೆನಿಯಲ್ಲಿ ತೊಡಗಿಸಲಾಗದೆಂಬುದು ಅದು ಕೊಟ್ಟ ಉದಾಹರಣೆಗಳಲ್ಲೊಂದು. ನಮ್ಮ ಅಭಿಪ್ರಾಯದಲ್ಲಿ ಇದೇ ತಕ್ಕ ಗಡಿ. ಯಾವ ಕೇಡನ್ನು ನೀಗಲೆಂದು ಹಣ ಕೂಡಿತೋ ಆ ಕೇಡಿನಿಂದಲೇ ಅದು ಬೆಳೆಯಕೂಡದು. ಬಾಲಿಕೆಯರ ಓದಿಗಿಟ್ಟ ದತ್ತಿಯು, ಬಾಲಿಕೆಯರನ್ನು ಶಾಲೆ ಬಿಡಿಸಿ ದುಡಿಸಿಕೊಳ್ಳುವ ಕೆಲಸಕ್ಕೂ ಅವರ ತಂದೆಯ ಕೂಲಿಯನ್ನು ಸಂಜೆಯೊಳಗೆ ಕರಗಿಸುವ ಮದ್ಯಕ್ಕೂ ತಿಳಿದು ತಿಳಿದು ಹೋಗಬಾರದು. ಅಲ್ಲಿ ಲಾಭ ಕಡಿಮೆಯಾದರೆ ಆ ಕೊರತೆಯನ್ನು ದಾನಿಗಳಾದ ನಾವೇ ತುಂಬಿಕೊಡೋಣ. ಹುಡುಗಿಯ ತಲೆಗೆ ಕಟ್ಟುವುದು ಬೇಡ. ಮಿಕ್ಕ ವಿಷಯಗಳಲ್ಲಿ ಧರ್ಮದರ್ಶಿಗಳ ವಿವೇಕವನ್ನು ನಂಬೋಣ.

ಇದಕ್ಕೆಲ್ಲ ಮೊದಲು ಬೇಕಾದದ್ದು ತಿಳಿವಳಿಕೆ. ದತ್ತಿಯಿಟ್ಟವರು ವರ್ಷಕ್ಕೊಮ್ಮೆ, ಎಷ್ಟು ಬಡ್ಡಿ ಬಂತು ಎಂದು ಕೇಳುವುದರ ಜೊತೆಗೆ ಎಲ್ಲಿಂದ ಬಂತು ಎಂದೂ ಕೇಳಲಿ. ಕೇಳಿದವರನ್ನು ಕೊಂಕುಗಾರರೆಂದು ನಿಧಿಪಾಲಕರು ತಿಳಿಯದೆ, ಲೆಕ್ಕವನ್ನು ತೆರೆದು ತೋರಿಸಲಿ. ಲೋಕದ ತಪ್ಪನ್ನು ಎತ್ತಿ ಆಡುವ ಮುನ್ನ ನಮ್ಮ ನಮ್ಮ ಪಾಸುಬುಕ್ಕನ್ನು ಒಮ್ಮೆ ತೆರೆದು ನೋಡುವ ಅಭ್ಯಾಸವು ನಮ್ಮ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲಿಯೇ ಆಗಲಿ.