ಬೆನ್ನಿಲ್ಲದ ಮನೆಗಳ ಊರು

ಅಮೆರಿಕೆಯಲ್ಲಿ ನೆಲೆಸಿರುವ ಭಕ್ತರ ಆಹ್ವಾನವನ್ನು ಮನ್ನಿಸಿ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ, ಲಾಸ್ ಏಂಜಲೀಸಿನ ಯೂನಿವರ್ಸಲ್ ಸ್ಟುಡಿಯೋಸ್ ಎಂಬ ಚಲನಚಿತ್ರೋದ್ಯಾನವನ್ನು ನಾವು ಸಂದರ್ಶಿಸಿದೆವು. ಪ್ರವಚನ ಹೇಳುವವರಿಗೆ ಅಲ್ಲೇನು ಕಾರ್ಯವೆಂದು ಕೆಲವು ಓದುಗರು ಕೇಳಬಹುದು. ಕರೆದೊಯ್ದವರು ಆ ಮನೆಯ ಮಕ್ಕಳು. ಮಕ್ಕಳ ಮಾತನ್ನು ಮೀರುವ ಶಕ್ತಿ ನಮಗಿರಲಿಲ್ಲ.

ಅಲ್ಲಿ ಟ್ರಾಮು ಎಂದು ಕರೆಯುವ ಉದ್ದನೆಯ ತೆರೆದ ವಾಹನದಲ್ಲಿ ಕುಳ್ಳಿರಿಸಿಕೊಂಡು ಚಿತ್ರೀಕರಣದ ತಾಣಗಳನ್ನು ತೋರಿಸುತ್ತಾರೆ. ಒಂದು ತಿರುವಿನಲ್ಲಿ ನ್ಯೂಯಾರ್ಕಿನ ಬೀದಿ, ಮತ್ತೊಂದರಲ್ಲಿ ಯುರೋಪಿನ ಪುಟ್ಟ ಪಟ್ಟಣ. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲವೂ ಇವೆ. ಪಕ್ಕಕ್ಕೆ ಸರಿದು ನೋಡಿದರೆ ಹಿಂದೆ ಊರೆಗೋಲುಗಳ ಹೊರತು ಏನೂ ಇಲ್ಲ. ನಮ್ಮ ಕಂಪನಿ ನಾಟಕಗಳ ಅರಮನೆಯ ಪರದೆಗೆ ಕಂಬ ಕೊಟ್ಟು ಬಯಲಿನಲ್ಲಿ ನಿಲ್ಲಿಸಿದಂತೆ. 2005ರ ಚಲನಚಿತ್ರವೊಂದಕ್ಕಾಗಿ ನಿಜವಾದ ಬೋಯಿಂಗ್ 747 ವಿಮಾನವನ್ನೇ ತುಂಡರಿಸಿ ತಂದು, ಅಪಘಾತವಾದಂತೆ ಹರಡಿದ್ದಾರೆ. ಇದನ್ನೆಲ್ಲ ಕಂಡು, ಜೊತೆಗಿದ್ದ ಹಿರಿಯರೊಬ್ಬರು 'ಎಲ್ಲಾ ಮಾಯೆ' ಎಂದು ನಿಟ್ಟುಸಿರಿಟ್ಟರು. ನಾವು ಒಪ್ಪಲಿಲ್ಲ. ಇದು ಸುಳ್ಳೆಂದು ಮೊದಲೇ ಸಾರಿ, ಅದರ ಬೆನ್ನನ್ನೂ ತೋರಿಸುವವನು ವಂಚಕನಲ್ಲ. ಅಲ್ಲಮಪ್ರಭುಗಳು ಮಾಯೆಯನ್ನು ಹೊರಗಣ ವಸ್ತುಗಳಲ್ಲಿ ಹುಡುಕಬೇಡಿರೆಂದವರು. ಈ ಗೋಡೆಗಳನ್ನು ಕಟ್ಟಿದ ಬಡಗಿಗಳ, ಬಣ್ಣಗಾರರ ಕಾಯಕವಂತೂ ಸುಳ್ಳಲ್ಲ.

ಈ ಊರನ್ನು ಕಟ್ಟಿಸಿದ ಕಾರ್ಲ್ ಲೆಮ್ಲೆ ಜರ್ಮನಿಯ ಲೌಪ್‌ಹೈಮಿನಲ್ಲಿ ಹುಟ್ಟಿದ ಯಹೂದಿ. ಹದಿನೇಳರ ಪ್ರಾಯದಲ್ಲಿ, 1884ರಲ್ಲಿ, ಅಮೆರಿಕೆಗೆ ಬಂದವನು. 1915ರ ಮಾರ್ಚ್ 15ರಂದು ಇದನ್ನು ತೆರೆದು, 25 ಸೆಂಟ್ ಪಡೆದು ಜನರಿಗೆ ಚಿತ್ರೀಕರಣ ನೋಡಗೊಟ್ಟನು. ಮಾತಿನ ಚಿತ್ರಗಳು ಬಂದಮೇಲೆ ನೋಡುಗರ ಗದ್ದಲ ಸಲ್ಲದಾಯಿತು. 1964ರಲ್ಲಿ ಈ ಸಂಚಾರ ಮರಳಿ ಆರಂಭವಾಯಿತು. ಹಿಟ್ಲರನ ಕಾಲದಲ್ಲಿ ನೂರಾರು ಯಹೂದಿಗಳಿಗೆ ತಾನೇ ಜಾಮೀನು ನಿಂತು ಜರ್ಮನಿಯಿಂದ ಪಾರುಮಾಡಿದನೆಂಬುದು, ನಮ್ಮ ದೃಷ್ಟಿಯಲ್ಲಿ, ಅವನು ತೆಗೆಸಿದ ಚಿತ್ರಗಳೆಲ್ಲಕ್ಕಿಂತ ದೊಡ್ಡದು.

ಆಟದ ಬೆಂಕಿ ನಿತ್ಯ ಉರಿಯುವ ಈ ಆವರಣದಲ್ಲಿ 2008ರ ಜೂನ್ 1ರಂದು ನಿಜದ ಬೆಂಕಿಯೇ ಬಿದ್ದಿತು. ದುರಸ್ತಿಯ ಕೆಲಸಗಾರರು ಛಾವಣಿಗೆ ಹಿಡಿದ ಉರಿಯಿಂದ ಹೊತ್ತಿಕೊಂಡು ಬೀದಿಗಳು, ಯಂತ್ರದ ಕಿಂಗ್ ಕಾಂಗ್ ವಾನರ, ಚಿತ್ರಗಳ ಮತ್ತು ಧ್ವನಿಮುದ್ರಣಗಳ ಸಂಗ್ರಹವಿದ್ದ ಕಟ್ಟಡ ಸುಟ್ಟವು. ಬೀದಿಗಳನ್ನು ಮತ್ತೆ ಕಟ್ಟಿದರು, 2010ರಲ್ಲಿ ವಾನರನೂ ಹೊಸ ರೂಪದಲ್ಲಿ ಬಂದನು. ಸುಟ್ಟುಹೋದ ಮೂಲ ಧ್ವನಿಗಳು ಬರಲಿಲ್ಲ.

1989ರಿಂದ ಇರುವ ಭೂಕಂಪದ ತಾಣವನ್ನು ಕುರಿತು ಹೇಳಲೆಂದೇ ಈ ಲೇಖನಕ್ಕೆ ಕೈಹಾಕಿದೆವು. ಟ್ರಾಮು ನೆಲದಡಿಯ ರೈಲು ನಿಲ್ದಾಣದಂತಹ ಗುಹೆಯನ್ನು ಹೊಕ್ಕು ನಿಲ್ಲುತ್ತದೆ. ಕೂಡಲೇ ಆಸನ ನಡುಗುತ್ತದೆ, ದೀಪಗಳು ಮಿಟುಕುತ್ತವೆ, ಮೇಲ್ಛಾವಣಿ ಕುಸಿದು ಲಾರಿಯೊಂದು ಜಾರಿ ಬೀಳುತ್ತದೆ, ಬೆಂಕಿ ಏಳುತ್ತದೆ, ನೀರು ನುಗ್ಗುತ್ತದೆ. ಎಲ್ಲವೂ ಯಂತ್ರವೆಂದು ಬಲ್ಲ ನಮ್ಮ ಕೈಯೂ ಮುಂದಿನ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಬುದ್ಧಿಗೆ ತಿಳಿದದ್ದು ದೇಹಕ್ಕೆ ತಿಳಿಯಲು ತಡವಾಗುತ್ತದೆ. ಮಕ್ಕಳು ನಕ್ಕರು, ಚಪ್ಪಾಳೆ ತಟ್ಟಿದರು. ಆಮೇಲೆ ನೀರು ಇಳಿಯಿತು. ಬಿದ್ದ ಛಾವಣಿ ತಾನೇ ಮೇಲೆದ್ದು, ಮುಂದಿನ ಟ್ರಾಮಿಗಾಗಿ ಸಜ್ಜಾಯಿತು.

ನಮ್ಮ ಪಕ್ಕದಲ್ಲಿ ಎಪ್ಪತ್ತರ ತಾಯಿಯೊಬ್ಬರು ಕುಳಿತಿದ್ದರು. ಮಗಳ ಮನೆಗೆಂದು ಕಲಬುರಗಿಯಿಂದ ಬಂದವರು. ತವರು ಲಾತೂರು ಜಿಲ್ಲೆಯ ಕಿಲ್ಲಾರಿಯ ನೆರೆಯ ಹಳ್ಳಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಕಳುಹಿಸಿ ಜನ ಮಲಗಿದ್ದಾಗ, ಅಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸತ್ತವರು ಹತ್ತು ಸಾವಿರದಷ್ಟು. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ದೀಪ ಹಚ್ಚುವವರೇ ಉಳಿಯಲಿಲ್ಲ. ತಾಣದ ಹೆಸರು ಇಂಗ್ಲಿಷಿನಲ್ಲಿದ್ದುದರಿಂದ ಆ ತಾಯಿಗೆ ಮುಂದೇನೆಂಬುದು ತಿಳಿದಿರಲಿಲ್ಲ, ಯಾರೂ ಹೇಳಲಿಲ್ಲ.

ಅವರು ಕೂಗಲಿಲ್ಲ. ಎದೆಯ ಮೇಲಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ಛಾವಣಿ ಮೇಲೇಳುವುದನ್ನು ಮಾತ್ರ ಕಣ್ತೆರೆದು ಬಹಳ ಹೊತ್ತು ನೋಡಿದರು. 'ಅಯ್ಯಾರ, ಇವರದು ಮತ್ತ ಎದ್ದು ನಿಂತಿತು ನೋಡ್ರಿ. ನಮ್ಮ ಮಾಳಿಗಿ ಏಳಲಿಲ್ಲ' ಎಂದರು. ನಮಗೆ ಯಾವ ಶಾಸ್ತ್ರವಾಕ್ಯವೂ ನೆನಪಿಗೆ ಬರಲಿಲ್ಲ; ಬಂದಿದ್ದರೂ ಆಡುತ್ತಿರಲಿಲ್ಲ.

ಚಪ್ಪಾಳೆ ತಟ್ಟಿದವರಲ್ಲಿ ಅವರ ಮೊಮ್ಮಗನೂ ಇದ್ದನು. ಅಲ್ಲಿಯೇ ಹುಟ್ಟಿ ಬೆಳೆದ ಹನ್ನೊಂದರ ಬಾಲಕ; ಕಿಲ್ಲಾರಿಯ ಹೆಸರನ್ನೇ ಕೇಳಿದವನಲ್ಲ. ಅಜ್ಜಿಯ ಮುಖವನ್ನು ಕಂಡು ಹತ್ತಿರ ಸರಿದು, 'ಯಾವ ಮಾಳಿಗೆ ಅಜ್ಜಿ? ಒಳಗೆ ಯಾರಿದ್ದರು?' ಎಂದು ತನಗೆ ಬಂದ ಕನ್ನಡದಲ್ಲಿ ಕೇಳಿದನು. ಅವರು ಒಬ್ಬೊಬ್ಬರ ಹೆಸರನ್ನೂ ಹೇಳತೊಡಗಿದರು. ಮುರಿದ ವಿಮಾನದ ಬಳಿ ಉಳಿದವರೆಲ್ಲ ಚಿತ್ರ ತೆಗೆಯಲು ಎದ್ದು ನಿಂತಾಗಲೂ ಅವರಿಬ್ಬರು ಅತ್ತ ನೋಡಲಿಲ್ಲ. ಟ್ರಾಮು ನಿಂತಿತು. ಎಲ್ಲರೂ ಇಳಿದು ಹೋದ ಮೇಲೆ, ಹೆಸರುಗಳು ಮುಗಿದ ಬಳಿಕ, ಅವರು ಇಳಿದರು.