ಕಾಲು ಹಿಡಿಯುವ ಪೆಡಲ್, ಕೈಗೆಟಕುವ ಬೆಲೆ

ಹೆಸರೇ ಒಂದು, ಗುಣವೇ ಒಂದು ಎಂಬ ಮಾತಿಗೆ ಕ್ಲಿಪ್‌ಲೆಸ್ ಪೆಡಲ್ ತಕ್ಕ ಉದಾಹರಣೆ. ‘ಕ್ಲಿಪ್ ಇಲ್ಲದ್ದು’ ಎಂಬುದು ಹೆಸರಿನ ಅರ್ಥ. ಸವಾರನ ಬೂಟನ್ನು ಕಚ್ಚಿ ಹಿಡಿಯುವುದು ಅದರ ಕೆಲಸ. ಈ ವಿರೋಧದ ಮೂಲ ಚರಿತ್ರೆಯಲ್ಲಿದೆ. ಹಿಂದೆ ಪಂದ್ಯದ ಸವಾರರು ಪೆಡಲಿನ ಮುಂದೆ ಲೋಹದ ಸಣ್ಣ ಪಂಜರವನ್ನು ಕೂಡಿಸಿ, ಚರ್ಮದ ಪಟ್ಟಿಯಿಂದ ಪಾದವನ್ನು ಬಿಗಿಯುತ್ತಿದ್ದರು. ಆ ಪಂಜರದ ಹೆಸರು ಟೋ ಕ್ಲಿಪ್. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿಯು ಹಿಮಜಾರಾಟದ ಬೂಟುಗಳನ್ನು ಹಿಡಿದಿಡುವ ಬಂಧಕದ ತತ್ತ್ವವನ್ನು ಸೈಕಲ್ಲಿಗೆ ತಂದು, ಪಂಜರವಿಲ್ಲದ ಪೆಡಲನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ ಬರ್ನಾರ್ ಇನೊ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಗುಡ್ಡಗಾಡಿನ ಸೈಕಲ್ಲಿಗೆ ಒಪ್ಪುವ ಎಸ್‌ಪಿಡಿ ಪದ್ಧತಿಯನ್ನು ಜಪಾನಿನ ಶಿಮಾನೊ 1990ರಲ್ಲಿ ಹೊರತಂದಿತು. ಹಳೆಯ ಕ್ಲಿಪ್ ಮರೆಯಾಯಿತು. ‘ಕ್ಲಿಪ್‌ಲೆಸ್’ ಎಂಬ ಹೆಸರು ಉಳಿಯಿತು. ಅನ್ವರ್ಥನಾಮವೊಂದು ಕಾಲಕ್ರಮದಲ್ಲಿ ರೂಢನಾಮವಾಗುವುದು ಹೇಗೆಂದು ತಿಳಿಯಲು ವ್ಯಾಕರಣದ ವಿದ್ಯಾರ್ಥಿಗೆ ಇದಕ್ಕಿಂತ ಹೊಸ ನಿದರ್ಶನ ಬೇಕಿಲ್ಲ.

ಹೆಸರಿನ ಗೊಂದಲದಿಂದ ಯಾರಿಗೂ ನಷ್ಟವಿಲ್ಲ. ಆಯ್ಕೆಯ ಗೊಂದಲದಿಂದ ಮಾತ್ರ ಹಣವೂ ಹೋಗುತ್ತದೆ, ಮೊಣಕಾಲೂ ನೋಯುತ್ತದೆ. ವಿಜಯಪುರ, ಬಾಗಲಕೋಟೆ ಸೀಮೆ ಸೈಕಲ್ ಪಟುಗಳಿಗೆ ಹೆಸರಾದದ್ದು; ಅದರ ನೆರೆಯ ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ತರುಣರಲ್ಲಿಯೂ ಮೌಂಟನ್ ಬೈಕ್ ಏರುವ ಹಂಬಲ ಮೂಡುವುದು ಸಹಜ. ಹಂಬಲಕ್ಕೆ ಮಿತಿಯಿಲ್ಲ, ಜೇಬಿಗೆ ಮಿತಿಯಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಪೆಡಲಿನ ವಿಷಯದಲ್ಲಿ ಅಕ್ಷರಶಃ ಸತ್ಯ.

ಮೊದಲ ಪ್ರಶ್ನೆ, ಈ ಪೆಡಲ್ ಬೇಕೇ ಎಂಬುದು. ಮನೆಯಿಂದ ಕಾಲೇಜಿಗೆ, ಕಾಲೇಜಿನಿಂದ ಪೇಟೆಗೆ ಹೋಗುವವನಿಗೆ ಬೇಡ. ಅಗಲವಾದ ಚಪ್ಪಟೆ ಪೆಡಲೇ ಅವನಿಗೆ ಸಾಕು. ಕಲ್ಲುಗುಡ್ಡಗಳ ದಾರಿಯಲ್ಲಿ ದೂರ ಸಾಗುವವನಿಗೆ, ಪಂದ್ಯಕ್ಕೆ ಅಣಿಯಾಗುವವನಿಗೆ ಅದರ ಉಪಯೋಗವಿದೆ. ಕಾಲನ್ನು ಮೇಲಕ್ಕೆ ಎಳೆದೂ ಬಲ ಹಾಕಬಹುದು, ವೇಗ ಇಮ್ಮಡಿಸುತ್ತದೆ ಎಂಬ ಅಂಗಡಿಯ ಮಾತನ್ನು ನಂಬಬೇಕಾಗಿಲ್ಲ. ಸೈಕಲ್ ಓಡುವುದು ಬಹುಮಟ್ಟಿಗೆ ಕೆಳಕ್ಕೆ ತುಳಿಯುವ ಬಲದಿಂದಲೇ. ಕ್ಲಿಪ್‌ಲೆಸ್ ಪೆಡಲಿನ ನಿಜವಾದ ಲಾಭ ಬೇರೆ: ಸೈಕಲ್ ಕಲ್ಲಿನ ಮೇಲೆ ಕುಪ್ಪಳಿಸಿದಾಗಲೂ ಪಾದ ತನ್ನ ಜಾಗವನ್ನು ಬಿಟ್ಟು ಜಾರುವುದಿಲ್ಲ.

ಬೇಕೆಂದು ನಿಶ್ಚಯಿಸಿದವನು ಪೆಡಲಿಗಿಂತ ಮೊದಲು ಬೂಟಿನ ಬಗ್ಗೆ ಯೋಚಿಸಬೇಕು. ಬೂಟಿನ ಅಟ್ಟೆಗೆ ಕೂಡಿಸುವ ತುಂಡಿಗೆ ಕ್ಲೀಟ್ ಎನ್ನುತ್ತಾರೆ. ರಸ್ತೆ ಪಂದ್ಯದ ಬೂಟಿಗೆ ಮೂರು ತಿರುಪಿನ ದೊಡ್ಡ ಕ್ಲೀಟ್. ಅದು ಅಟ್ಟೆಯಿಂದ ಹೊರಚಾಚಿರುತ್ತದೆ, ನಡೆಯಲು ಕಷ್ಟ. ಮೌಂಟನ್ ಬೈಕಿನದು ಎರಡು ತಿರುಪಿನ ಸಣ್ಣ ಕ್ಲೀಟ್. ಅಟ್ಟೆಯ ತಗ್ಗಿನೊಳಗೆ ಅಡಗಿರುವುದರಿಂದ ಇಳಿದು, ಸೈಕಲ್ ತಳ್ಳಿಕೊಂಡು ನಡೆಯಬಹುದು. ಬೂಟು ಬಿಗಿಯಾದರೆ ಬೆರಳು ಜೋಮು ಹಿಡಿಯುತ್ತದೆ, ಸಡಿಲಾದರೆ ಪೆಡಲಿನ ಹಿಡಿತವೇ ನಿರರ್ಥಕ. ಆದ್ದರಿಂದ ಹಣದ ದೊಡ್ಡ ಪಾಲು ಬೂಟಿಗೆ, ಸಣ್ಣ ಪಾಲು ಪೆಡಲಿಗೆ ಎಂಬುದೇ ಬಡ ಸವಾರನ ಲೆಕ್ಕವಾಗಬೇಕು.

ಪೆಡಲಿನಲ್ಲಿ ದುಬಾರಿಯದಕ್ಕೂ ಸಾಧಾರಣದ್ದಕ್ಕೂ ಇರುವ ಅಂತರ ಬೆಲೆಯಲ್ಲಿ ಕಾಣುವಷ್ಟು ಕಾಲಿಗೆ ತಿಳಿಯುವುದಿಲ್ಲ. ಶಿಮಾನೊದ ಎಂ520 ಎಂಬ ಸಾಧಾರಣ ಜೋಡಿಯ ತೂಕ ಸುಮಾರು 380 ಗ್ರಾಂ. ಅದೇ ಕಂಪನಿಯ ಅತ್ಯುಚ್ಚ ದರ್ಜೆಯ ಎಕ್ಸ್‌ಟಿಆರ್ ಜೋಡಿ ಅದಕ್ಕಿಂತ ಸುಮಾರು 70 ಗ್ರಾಂ ಹಗುರ. ಒಂದು ಲೋಟ ನೀರಿನ ತೂಕವೂ ಅಲ್ಲದ ಈ ಉಳಿತಾಯಕ್ಕೆ ಹಲವು ಪಟ್ಟು ಬೆಲೆ ತೆರುವುದು ವೃತ್ತಿಪರ ಪಟುವಿಗೆ ಸಲ್ಲಬಹುದು, ವಿದ್ಯಾರ್ಥಿಗಲ್ಲ. ಅಗ್ಗದ್ದು ಎಂದರೆ ಕಡಿಮೆ ಬೆಲೆಗೆ ಸಿಗುವುದು ಮಾತ್ರವಲ್ಲ; ಕ್ಲೀಟ್ ಸವೆದಾಗ ಮತ್ತೊಂದು ಸಿಗಬೇಕು, ಬೇರಿಂಗ್ ಒಣಗಿದಾಗ ಬಿಚ್ಚಿ ಗ್ರೀಸ್ ತುಂಬಲು ಬರಬೇಕು. ಎಸ್‌ಪಿಡಿಯ ಪಾರಮ್ಯಕ್ಕೆ ಇದೇ ಕಾರಣ. ವೆಲ್ಗೊದಂಥ ತೈವಾನ್ ತಯಾರಕರ ಪೆಡಲ್ ಕೊಂಡರೆ, ಅದರ ಜೊತೆಗೇ ಬಂದ ಕ್ಲೀಟನ್ನು ಬಳಸುವುದು ಕ್ಷೇಮ. ಕ್ರ್ಯಾಂಕ್‌ಬ್ರದರ್ಸ್ ಪೆಡಲಿನ ತೆರೆದ ರಚನೆ ಕೆಸರನ್ನು ಚೆನ್ನಾಗಿ ಉದುರಿಸುತ್ತದೆ. ಎರೆಮಣ್ಣಿನ ನಾಡಿನಲ್ಲಿ ಅದು ಸಣ್ಣ ಗುಣವಲ್ಲ. ಆದರೆ ಅದರ ಹಿತ್ತಾಳೆಯ ಕ್ಲೀಟ್ ಉಕ್ಕಿನದಕ್ಕಿಂತ ಬೇಗ ಸವೆಯುತ್ತದೆ. ಮಳೆಗಾಲದ ನಾಲ್ಕು ದಿನದ ಅನುಕೂಲಕ್ಕೆ ವರ್ಷವಿಡೀ ಖರ್ಚು ಹೊರುವುದು ಜಾಣತನವಲ್ಲ.

ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಕೆಲವೇ. ದೊಡ್ಡವರ ಮೌಂಟನ್ ಬೈಕುಗಳಲ್ಲಿ ಪೆಡಲ್ ಕೂರುವ ರಂಧ್ರ ಸಾಮಾನ್ಯವಾಗಿ 9/16 ಇಂಚಿನದು, ಖಚಿತಪಡಿಸಿಕೊಳ್ಳಬೇಕು. ಹಳೆಯ ಪೆಡಲ್ ಕೊಳ್ಳುವುದರಲ್ಲಿ ಅವಮಾನವಿಲ್ಲ, ಅದರ ದಂಡ ಅಲುಗಾಡದಿದ್ದರೆ ಸಾಕು. ಎಡ ಪೆಡಲಿನ ತಿರುಪು ವಿರುದ್ಧ ದಿಕ್ಕಿನದು. ಇದನ್ನರಿಯದೆ ಪಾನಾ ಹಚ್ಚಿ ಬಲ ಹಾಕಿದವನು ಪೆಡಲಿನ ಜೊತೆಗೆ ಕ್ರ್ಯಾಂಕಿನ ಮರೆಯನ್ನೂ ಕೆಡಿಸುತ್ತಾನೆ. ಎಸ್‌ಪಿಡಿ ಕ್ಲೀಟುಗಳಲ್ಲಿ ಎರಡು ಬಗೆ: ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಚಿದರೆ ಮಾತ್ರ ಬಿಡುತ್ತದೆ, ಎಸ್‌ಎಚ್56 ಹಲವು ದಿಕ್ಕುಗಳಿಂದ ಬಿಡುತ್ತದೆ. ಹೊಸಬನಿಗೆ ಎರಡನೆಯದು ಹಿತ. ಹಿಡಿತದ ಬಿಗುವನ್ನು ಪೆಡಲಿನ ಸಣ್ಣ ತಿರುಪಿನಿಂದ ಆದಷ್ಟು ಸಡಿಲಿಸಿ, ಗೋಡೆಗೆ ಒರಗಿ ಸಿಕ್ಕಿಸುವುದನ್ನೂ ಬಿಡಿಸುವುದನ್ನೂ ರೂಢಿಸಿಕೊಂಡು, ಅನಂತರ ಹುಲ್ಲಿನ ಮೈದಾನಕ್ಕೆ ಇಳಿಯಬೇಕು. ಹೊಸಬರು ಬೀಳುವುದು ಹೆಚ್ಚಾಗಿ ಓಟದಲ್ಲಲ್ಲ, ಸೈಕಲ್ ನಿಂತ ಮೇಲೆ. ನಿಲ್ಲುವ ಮೊದಲೇ ಒಂದು ಕಾಲು ಬಿಡಿಸುವ ಅಭ್ಯಾಸವೇ ಅದಕ್ಕೆ ಮದ್ದು. ಮೊಣಕಾಲು ನೋಯತೊಡಗಿದರೆ ಕ್ಲೀಟಿನ ಕೋನವನ್ನು ತಿದ್ದಬೇಕು, ನೋವನ್ನು ಸಹಿಸಿಕೊಂಡು ತುಳಿಯಬಾರದು.

ಇದು ಕನ್ನಡ ವಿಭಾಗದ ಪತ್ರಿಕೆಗೆ ಸಲ್ಲುವ ವಿಷಯವೇ ಎಂಬ ಆಕ್ಷೇಪ ಬರಬಹುದು. ಉತ್ತರ ಮೇಲಿನ ವಾಕ್ಯಗಳಲ್ಲಿಯೇ ಇದೆ. ಪೆಡಲ್, ಕ್ಲೀಟ್, ಬೇರಿಂಗ್ ಇವು ಹೊರಗಿನಿಂದ ಬಂದ ನಾಮಪದಗಳು. ಅವುಗಳಿಗೆ ಸಂಸ್ಕೃತದ ಹೊಸ ವೇಷ ತೊಡಿಸುವುದು ವ್ಯರ್ಥ ಶ್ರಮ. ಪರಭಾಷೆಯ ಪದವನ್ನು ಜನ ಬೇಕಾದಂತೆ ಪಳಗಿಸಿಕೊಳ್ಳುತ್ತಾರೆ. ಮರಾಠಿಯ ಆಡುಮಾತು ಪೆಡಲನ್ನು ‘ಪಾಯಡಲ್’ ಎಂದು ಮಾಡಿಕೊಂಡಾಗ, ಕಾಲು ಎಂಬರ್ಥದ ‘ಪಾಯ್’ ಅದರೊಳಗೆ ತಾನಾಗಿಯೇ ಬಂದು ಕೂತಿತು. ಮೂಲದ ಲ್ಯಾಟಿನ್ ಪದದಲ್ಲಿಯೂ ಇದ್ದದ್ದು ಕಾಲೇ! ಆದರೆ ಸಿಕ್ಕಿಸು, ಬಿಡಿಸು, ತಿರುಚು, ಒರಗು ಎಂಬ ಕ್ರಿಯಾಪದಗಳೆಲ್ಲ ಅಚ್ಚ ಕನ್ನಡದವು. ಹೊಸ ವಸ್ತು ತನ್ನ ಹೆಸರನ್ನು ತಾನೇ ಹೊತ್ತು ತರುತ್ತದೆ. ಅದನ್ನು ಬಳಸುವ ಕ್ರಮವನ್ನು ಹೇಳಿಕೊಡಬೇಕಾದದ್ದು ನಾಡಿನ ಭಾಷೆ.

ಪೆಡಲಿನ ಪೊಟ್ಟಣದೊಳಗಿನ ಹಾಳೆಯನ್ನು ಓದಲಾರದೆ ಬಿಸಾಡಿದ ಹುಡುಗನು ಅದರ ಬೆಲೆಯನ್ನು ತನ್ನ ಮೊಣಕಾಲಿನಿಂದ ತೆರುತ್ತಾನೆ. ಹಳಗನ್ನಡದ ವಾಕ್ಯವನ್ನು ಅನ್ವಯಿಸಿ ಅರ್ಥ ಹೇಳಬಲ್ಲ ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ, ಅಂಥ ಒಂದು ಹಾಳೆಯ ಸಾರವನ್ನು ತನ್ನ ಊರಿನ ಸೈಕಲ್ ಅಂಗಡಿಯ ಗೋಡೆಗೆ ತೂಗುಹಾಕುವಂತೆ ತಿಳಿಗನ್ನಡದಲ್ಲಿ ಬರೆಯುವುದು ಕಷ್ಟವಲ್ಲ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು ಎಂಬ ಮಾತು ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಕೇಳಿಬರುತ್ತದೆ. ಅದು ಉಳಿಯುವುದು ಇಂಥ ಗೋಡೆಗಳ ಮೇಲೆ.