ಲೇಖಕರ ಜೀವನೋಪಾಯದ ಪ್ರಶ್ನೆ

ಗೋಕಾಕ, ಹುಕ್ಕೇರಿ, ಮೂಡಲಗಿ ತಾಲೂಕುಗಳ ನೆಲವು ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದ ಕಾಣಿಕೆಯು ಅಲ್ಪವಾದದ್ದಲ್ಲ. ಬೆಟಗೇರಿಯ ಕೃಷ್ಣಶರ್ಮರು, ಮಲಾಮರಡಿಯ ಬಸವರಾಜ ಕಟ್ಟೀಮನಿಯವರು, ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಸೀಮೆಯ ಹಳ್ಳಿಗಳಲ್ಲಿಯೇ ಹುಟ್ಟಿದವರು. ಇಷ್ಟಿದ್ದೂ ಇಂದು ನಿಡಸೋಸಿಯ ತರುಣನೋ ತರುಣಿಯೋ ಒಂದು ಕಾದಂಬರಿಯನ್ನು ಬರೆದು ಮುಗಿಸಿದರೆ, ಹಸ್ತಪ್ರತಿಯನ್ನು ಯಾರಿಗೆ ತೋರಿಸಬೇಕು, ತಿದ್ದುವವರು ಯಾರು, ಎಂತಹ ಕರಾರಿಗೆ ರುಜು ಹಾಕಬೇಕು ಎಂಬದನ್ನು ತಿಳಿಯಹೇಳುವ ಒಂದು ಸ್ಥಳವನ್ನು ನಾವು ಈ ಭಾಗದಲ್ಲಿ ಕಾಣೆವು. ಸಾಲ ಮಾಡಿ ಐದುನೂರು ಪ್ರತಿ ಅಚ್ಚು ಹಾಕಿಸುವದು, ಬಿಡುಗಡೆಯ ದಿನ ಹಾರ ಹಾಕಿಸಿಕೊಳ್ಳುವದು, ಬಂಧುಮಿತ್ರರಿಗೆ ನೂರು ಪ್ರತಿ ಹಂಚಿ ಉಳಿದವುಗಳನ್ನು ಅಟ್ಟಕ್ಕೆ ಏರಿಸುವದು, ಇದೇ ನಮ್ಮಲ್ಲಿ ಗ್ರಂಥಕರ್ತನ ಪದ್ಧತಿಯಾಗಿ ಹೋಗಿದೆ. ಮಹಾಜನರು ಹಾರವನ್ನೇನೋ ಧಾರಾಳವಾಗಿ ತರುತ್ತಾರೆ. ಪುಸ್ತಕವನ್ನು ಮಾತ್ರ ಕೊಳ್ಳುವದಿಲ್ಲ.

ಹಿಂದಿನವರ ಪ್ರತಿಭೆಯು ಆಧಾರವಿಲ್ಲದೆ ಬೆಳೆಯಿತೆಂದು ಯಾರೂ ಭಾವಿಸಬಾರದು. ಬಡತನದಿಂದ ಶಾಲೆ ಬಿಡಬೇಕಾಗಿ ಬಂದ ಬಾಲಕ ಕಂಬಾರರ ವಿದ್ಯಾಭ್ಯಾಸದ ವೆಚ್ಚವನ್ನು ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ವಹಿಸಿದರು. ಆ ಬಾಲಕನೇ ಮುಂದೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಗೆ ಪಾತ್ರನಾದನು. ಕಟ್ಟೀಮನಿಯವರಿಗೆ ಪತ್ರಿಕಾವೃತ್ತಿಯು ಅನ್ನವನ್ನೂ ಅನುಭವವನ್ನೂ ಒದಗಿಸಿತು. ಕೃಷ್ಣಶರ್ಮರು 1938ರಿಂದ ಧಾರವಾಡದಲ್ಲಿ 'ಜಯಂತಿ' ಮಾಸಪತ್ರಿಕೆಯನ್ನು ನಡೆಸಿ, ತಮಗಿಲ್ಲದ ವೇದಿಕೆಯನ್ನು ತಾವೇ ಕಟ್ಟಿಕೊಂಡರು. ಹೀಗೆ ಒಬ್ಬರ ಹಿಂದೆ ಮಠವಿತ್ತು, ಇನ್ನೊಬ್ಬರ ಹಿಂದೆ ಪತ್ರಿಕೆಯಿತ್ತು. ಇಂದಿನ ತರುಣರ ಹಿಂದೆ ಏನಿದೆ?

ಸಹಾಯವು ಸರ್ವಥಾ ಇಲ್ಲವೆಂದಲ್ಲ. 1993ರಲ್ಲಿ ಸ್ಥಾಪಿತವಾದ ಕನ್ನಡ ಪುಸ್ತಕ ಪ್ರಾಧಿಕಾರವು ಚೊಚ್ಚಲ ಕೃತಿಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಕೇಂದ್ರ ಸರಕಾರವು 2021ರಲ್ಲಿ ಆರಂಭಿಸಿದ ಯುವ ಲೇಖಕರ ಯೋಜನೆಯಲ್ಲಿ, ಮೂವತ್ತು ವರ್ಷದೊಳಗಿನ 75 ಜನರಿಗೆ ಮಾರ್ಗದರ್ಶನದೊಡನೆ ತಿಂಗಳಿಗೆ 50,000 ರೂಪಾಯಿಗಳಂತೆ ಆರು ತಿಂಗಳ ವೇತನವು ಗೊತ್ತಾಗಿತ್ತು. ಧಾರವಾಡದಲ್ಲಿ 1890ರ ವಿದ್ಯಾವರ್ಧಕ ಸಂಘವೂ 1933ರ ಮನೋಹರ ಗ್ರಂಥಮಾಲೆಯೂ ಇವೆ. ಸಾಹಿತ್ಯ ಪರಿಷತ್ತಿನ ಶಾಖೆಗಳು ತಾಲೂಕುಗಳವರೆಗೆ ಹಬ್ಬಿವೆ. ಆದರೆ ಬೆಂಗಳೂರಿನಲ್ಲಿ ಹೊರಡುವ ಪ್ರಕಟಣೆಯು ಹುಕ್ಕೇರಿಯ ಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಅರ್ಜಿಯ ಗಡುವು ತೀರಿರುತ್ತದೆ. ಪರಿಷತ್ತಿನ ತಾಲೂಕು ಶಾಖೆಗಳು ಸಮ್ಮೇಳನದ ಮೆರವಣಿಗೆಗೆ ತೋರುವ ಉತ್ಸಾಹದ ಹತ್ತನೆಯ ಒಂದು ಪಾಲನ್ನು ಈ ಕಾರ್ಯಕ್ಕೆ ತೋರಿದರೂ ಸಾಕು.

ಕಾಯದೆಯ ಅಜ್ಞಾನವು ಇದಕ್ಕಿಂತಲೂ ಹಾನಿಕರವಾದದ್ದು. 1957ರ ಕೃತಿಸ್ವಾಮ್ಯದ ಕಾಯದೆಯಂತೆ ಗ್ರಂಥದ ಹಕ್ಕು ಕರ್ತೃವಿನ ಜೀವಿತಕಾಲವಲ್ಲದೆ ಮರಣಾನಂತರ 60 ವರ್ಷಗಳವರೆಗೆ ಉಳಿಯುವದು. ಹಕ್ಕಿನ ವರ್ಗಾವಣೆಯು ಬರವಣಿಗೆಯಲ್ಲಿಯೇ ಇರತಕ್ಕದ್ದು. ಅವಧಿಯನ್ನು ಕಾಣಿಸದಿದ್ದರೆ ಐದು ವರ್ಷವೆಂದೇ ಎಣಿಸತಕ್ಕದ್ದು. ಇಷ್ಟು ರಕ್ಷಣೆಯಿರಲು, ನಾಲ್ಕು ಸಾಲು ಓದದೆ ಸರ್ವಹಕ್ಕುಗಳನ್ನೂ ಒಂದೇ ಸಲ ಬರೆದುಕೊಡುವ ಲೇಖಕರಿಗೆ ಕಡಿಮೆಯಿಲ್ಲ. ಹೊಲದ ಖರೀದಿಪತ್ರವನ್ನು ವಕೀಲರಿಗೆ ತೋರಿಸದೆ ರುಜು ಹಾಕದ ನಮ್ಮ ಜನರು, ಮೂರು ವರ್ಷ ಬೆವರು ಸುರಿಸಿ ಬರೆದ ಗ್ರಂಥವನ್ನು ಮಾತ್ರ ಬಾಯಿಮಾತಿನ ಮೇಲೆ ಒಪ್ಪಿಸಿಬಿಡುತ್ತಾರೆ. ಸಂಭಾವನೆ ಕೇಳುವದು ಸರಸ್ವತಿಗೆ ಅಪಚಾರವೆಂಬ ಹುಸಿ ಸಂಕೋಚವೂ ಇದಕ್ಕೆ ಕಾರಣ. ಕಾಗದದವನು, ಅಚ್ಚಿನವನು, ರಟ್ಟು ಕಟ್ಟುವವನು ಹಣ ಎಣಿಸಿಕೊಳ್ಳುವಾಗ ಆಗದ ಅಪಚಾರವು ಬರೆದವನು ಕೈಯೊಡ್ಡಿದಾಗ ಹೇಗಾದೀತು?

ಪರಿಹಾರದ ಮಾರ್ಗವು ನಮಗೆ ಹೊಸದಲ್ಲ. ಕೊಟ್ಟಾಯಂ ಪಟ್ಟಣದಲ್ಲಿ 1945ರಲ್ಲಿ ಹನ್ನೆರಡು ಮಲೆಯಾಳಿ ಲೇಖಕರು ಕೇವಲ 120 ರೂಪಾಯಿಗಳ ಬಂಡವಾಳದಿಂದ ಸಹಕಾರಿ ಪ್ರಕಾಶನ ಸಂಘವನ್ನು ಕಟ್ಟಿದರು. ಅದು ಶೇಕಡಾ 30ರ ಪ್ರಮಾಣದಲ್ಲಿ ಸಂಭಾವನೆ ಸಲ್ಲಿಸಿ ಹೆಸರಾಯಿತು. ಮುಂದೆ ಆ ಸಂಘವು ಕಷ್ಟಕ್ಕೆ ಸಿಲುಕಿದ್ದುಂಟು. ಆದರೂ ಒಂದು ತಲೆಮಾರಿನ ಬರಹಗಾರರಿಗೆ ಅದು ಬೆನ್ನೆಲುಬಾಯಿತೆಂಬದು ನಿರ್ವಿವಾದ. ಸಹಕಾರದಲ್ಲಿ ಕನ್ನಡಿಗರು ಹಿಂದುಳಿದವರೇ? 1905ರಲ್ಲಿಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಂಘ ಕಟ್ಟಿದವರು ನಾವು. ಹುಕ್ಕೇರಿ ತಾಲೂಕಿನ ರೈತರಂತೂ 1969ರಿಂದ ವಿದ್ಯುತ್ತಿಗೇ ಸಹಕಾರಿ ಸಂಘವನ್ನು ನಡೆಸಿ ತೋರಿಸಿದ್ದಾರೆ. ಮನೆಮನೆಗೆ ದೀಪ ಮುಟ್ಟಿಸಿದ ಜನರಿಗೆ ಪುಸ್ತಕ ಮುಟ್ಟಿಸುವದು ಅಸಾಧ್ಯವಲ್ಲ.

ನಿಡಸೋಸಿಯ ಶ್ರೀ ದುರದುಂಡೀಶ್ವರ ಸಿದ್ಧಸಂಸ್ಥಾನ ಮಠವು ಅನ್ನದಾಸೋಹ, ವಿದ್ಯಾದಾಸೋಹಗಳಿಗೆ ಹೆಸರಾದ ಸ್ಥಾನ. ಇದೇ ಗ್ರಾಮದಲ್ಲಿ 1996ರಿಂದ ತಾಂತ್ರಿಕ ಮಹಾವಿದ್ಯಾಲಯವೂ ನಡೆದಿದೆ. ಅಲ್ಲಿಯ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ಒಬ್ಬ ಅನುಭವಿ ಸಂಪಾದಕರೂ ಒಬ್ಬ ವಕೀಲರೂ ಕುಳಿತು ಹಸ್ತಪ್ರತಿಗಳನ್ನೂ ಕರಾರುಪತ್ರಗಳನ್ನೂ ನೋಡಿಕೊಡುವ ಏರ್ಪಾಡಾಗಲೆಂದು ಶ್ರೀಮಠದಲ್ಲಿ ನಮ್ಮ ವಿಜ್ಞಾಪನೆ. ಮೂರು ತಾಲೂಕುಗಳ ಲೇಖಕರು ಮೊದಲು ಅಲ್ಲಿ ಕೂಡಿ, ಬಳಿಕ ಸಂಘದ ನೋಂದಣಿಗೆ ಮುಂದಾಗಬಹುದು. ಗ್ರಂಥಾಲಯ ಇಲಾಖೆಯ ಅಧಿಕಾರಿಗಳಿಗೂ ಒಂದು ಮಾತು: 1965ರ ಕಾಯದೆಯ ಬಲದಿಂದ ಪ್ರಜೆಗಳಿಂದ ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತಿದೆ. ಆ ಹಣದಿಂದ ಆಗಬೇಕಾದ ಸಗಟು ಖರೀದಿಯು ವರುಷಗಟ್ಟಲೆ ತಡವಾದರೆ ಸಣ್ಣ ಪ್ರಕಾಶಕನು ಮುಳುಗುತ್ತಾನೆ, ಅವನೊಡನೆ ಲೇಖಕನೂ ಮುಳುಗುತ್ತಾನೆ. ಬೆಳಗಾವಿ ಜಿಲ್ಲೆಯ ಖರೀದಿಯಲ್ಲಿ ಈ ಗಡಿಸೀಮೆಯ ಹೊಸ ಲೇಖಕರಿಗೆ ಒಂದು ಪಾಲನ್ನು ಮೀಸಲಿಟ್ಟು, ಬಿಲ್ಲಿನ ಹಣವನ್ನು ಅದೇ ಆರ್ಥಿಕ ವರ್ಷದೊಳಗೆ ಸಲ್ಲಿಸತಕ್ಕದ್ದು.